‘ನಮ್ಮ ಕಡೆ ಎಲ್ಲಾ ಗ್ರೀನ್ ಇದೆ ಸರ್!’

ಸೋಮವಾರ ಬೆಳಿಗ್ಗೆ 9:20. ಕ್ಯಾಬ್‌ಗಳೆಲ್ಲ ಒಟ್ಟಿಗೇ ಗೇಟಿಗೆ ಬಂದಿವೆ. ಇನ್ನೂರು ಜನ ಬ್ಯಾಡ್ಜ್ ತೋರಿಸಿ, ಕಾಫಿ ಹಿಡಿದು, ಒಂದೇ ಹೊತ್ತಿಗೆ ವರ್ಚುವಲ್ ಡೆಸ್ಕ್‌ಟಾಪಿಗೆ ಲಾಗಿನ್ ಒತ್ತಿದ್ದಾರೆ. ಅಂದರೆ ಕಂಪ್ಯೂಟರ್ ಇರೋದು ಎಲ್ಲೋ ಸರ್ವರ್‌ನಲ್ಲಿ, ಎದುರಿಗಿರೋದು ಅದರ ಪರದೆ ಮಾತ್ರ. ಕಾಫಿ ಮುಗಿಯಿತು, ಪರದೆಯ ಮೇಲಿನ ಉಂಗುರ ಮಾತ್ರ ಸುತ್ತುತ್ತಲೇ ಇದೆ. ಹೇಗೋ ಒಳಹೊಕ್ಕು ಟೈಪ್ ಮಾಡಿದರೆ ಅಕ್ಷರಗಳೂ ಸಿಟಿ ಬಸ್ಸಿನ ಜಾತಿಯವೇ: ಎಷ್ಟು ಹೊತ್ತಾದರೂ ಒಂದೂ ಇಲ್ಲ, ಆಮೇಲೆ ನಾಲ್ಕು ಒಟ್ಟಿಗೆ.

ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದರೆ ಆ ಮಹಾನುಭಾವರದು ಒಂದೇ ಮಂತ್ರ: ‘ನಮ್ಮ ಕಡೆ ಎಲ್ಲಾ ಗ್ರೀನ್ ಇದೆ ಸರ್. ನಿಮ್ಮ ಟಾಸ್ಕ್ ಮ್ಯಾನೇಜರ್‌ನಲ್ಲೂ ಸಿಪಿಯು 40% ಅಷ್ಟೇ.’

ಅಷ್ಟೇ ಇರುತ್ತೆ, ಯಾಕಿರಲ್ಲ? ಟಾಸ್ಕ್ ಮ್ಯಾನೇಜರ್ ಕೂತಿರೋದು ವರ್ಚುವಲ್ ಮಷೀನಿನ ಒಳಗೆ, ಅಂದರೆ ಸರ್ವರ್‌ನಲ್ಲಿ ನಿಮ್ಮ ಪಾಲಿಗೆ ಬಂದ ತೋರಿಕೆಯ ಕಂಪ್ಯೂಟರಿನ ಒಳಗೆ. ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತವನಿಗೆ ತನ್ನ ಹಸಿವು ಗೊತ್ತೇ ಹೊರತು, ಕಾವಲಿ ಮೇಲೆ ಎಷ್ಟು ಜನರ ದೋಸೆ ಇದೆ ಅಂತ ಹೇಗೆ ಗೊತ್ತಾಗಬೇಕು? ಆ ಕ್ಯೂ ಕಾಣೋದು ಹೋಸ್ಟ್‌ನಲ್ಲಿ, ಅಂದರೆ ಇಂಥ ಮಷೀನುಗಳನ್ನೆಲ್ಲ ಹೊತ್ತಿರೋ ಸರ್ವರ್‌ನಲ್ಲಿ. ಈ ಮಷೀನುಗಳನ್ನು ನಡೆಸೋ ಸಾಫ್ಟ್‌ವೇರಿನ ಕಂಪನಿ ವಿಎಂವೇರ್ ಅದಕ್ಕೆ ‘ಸಿಪಿಯು ರೆಡಿ’ ಅಂತ ಹೆಸರಿಟ್ಟಿದೆ. ಮದುಮಗ ರೆಡಿ, ಮಂಟಪ ಖಾಲಿ ಇಲ್ಲ ಅನ್ನೋ ಅರ್ಥದ ರೆಡಿ. ರಿಯಲ್‌ಟೈಮ್ ಚಾರ್ಟಿನ 20 ಸೆಕೆಂಡಿನ ಸ್ಯಾಂಪಲ್‌ನಲ್ಲಿ ಒಂದು ವಿಸಿಪಿಯುಗೆ (ವರ್ಚುವಲ್ ಮಷೀನಿನ ಸಿಪಿಯು) 2,000 ಮಿಲಿಸೆಕೆಂಡ್ ಕಂಡರೆ 10% ಕಾಯುವಿಕೆ. ಅಷ್ಟಾದರೆ ಬೆರಳಿಗೆ ಗೊತ್ತಾಗುತ್ತೆ. ಆದರೆ ಹೆಲ್ಪ್‌ಡೆಸ್ಕಿನವರು ತೆರೆದಿರೋದು ವಾರದ ಚಾರ್ಟು. ಅದರಲ್ಲಿ 30 ನಿಮಿಷಕ್ಕೊಂದು ಚುಕ್ಕೆ. 9:20ರ ಹತ್ತು ನಿಮಿಷದ ಗೋಳು ಅದರಲ್ಲಿ ಉಪ್ಪಿನ ಹಾಗೆ ಕರಗಿ, ಎಲ್ಲಾ ಗ್ರೀನ್!

ಮಂತ್ರದ ಎರಡನೇ ಭಾಗ ಇನ್ನೂ ಘೋರ: ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.’ ಒಬ್ಬರಿಗಲ್ಲ, ಫೋನ್ ಮಾಡಿದ ಅಷ್ಟೂ ಜನರಿಗೆ. ಸುಮ್ಮನೆ ಕೆಲಸ ಮಾಡುವಾಗ ಒಂದು ಡೆಸ್ಕ್‌ಟಾಪಿಗೆ ಹತ್ತಿಪ್ಪತ್ತು ಐಒಪಿಎಸ್ (ಸೆಕೆಂಡಿಗೆ ಡಿಸ್ಕಿನ ಓದು-ಬರಹದ ಲೆಕ್ಕ) ಸಾಕು; ಬೂಟ್ ಆಗುವಾಗ ಅದರ ಎಷ್ಟೋ ಪಟ್ಟು ಬೇಕು. ಎಲ್ಲರ ಡಿಸ್ಕೂ ಒಂದೇ ಸ್ಟೋರೇಜ್‌ನಲ್ಲಿ. ಲಾಗಿನ್ ನೂಕುನುಗ್ಗಲಿನ ಮೇಲೆ ಬೂಟಿನ ನೂಕುನುಗ್ಗಲು, ಅದರ ಹಿಂದೆಯೇ ಆ್ಯಂಟಿವೈರಸ್ ಸ್ಕ್ಯಾನ್. ಉರಿಯೋ ಒಲೆಗೆ ಸೀಮೆಎಣ್ಣೆ ಹೊಯ್ದು, ‘ಈಗ ಆರಿತಾ ಸರ್?’ ಅಂತ ಕೇಳಿದ ಹಾಗೆ.

ಹಾಗಾದರೆ ಟೆಸ್ಟಿಂಗ್ ಆಗಿರಲಿಲ್ಲವೇ? ಆಗಿತ್ತು. ರಾತ್ರಿ 11ಕ್ಕೆ, 25 ಡಮ್ಮಿ ಯೂಸರ್‌ಗಳಿಂದ, ನಿಮಿಷಕ್ಕೊಬ್ಬರಂತೆ. ಅವರೆಲ್ಲ ಎಷ್ಟು ಸಭ್ಯರು ಅಂದರೆ ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ಬರೆದು ಹೊರಟುಹೋದರು. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ಇಲ್ಲ, ವಿಡಿಯೊ ಕಾಲ್ ಇಲ್ಲ, ವರ್ಷಗಳಿಂದ ಊದಿದ ಪ್ರೊಫೈಲ್ ಇಲ್ಲ. ಇಂಥ ಯೂಸರ್‌ಗಳಿದ್ದರೆ ಹೆಲ್ಪ್‌ಡೆಸ್ಕೇ ಬೇಕಾಗಿರಲಿಲ್ಲ.

ಹಾಗಾದರೆ ಈ ಗೋಳನ್ನು ಅಳೆಯೋ ದಾರಿ ಇಲ್ಲವೇ? ಇದೆ. ವಿಂಡೋಸ್ 10ರ 1809 ಆವೃತ್ತಿ, ವಿಂಡೋಸ್ ಸರ್ವರ್ 2019ರಿಂದ ಈಚೆಗೆ ‘ಯೂಸರ್ ಇನ್‌ಪುಟ್ ಡಿಲೇ’ ಅನ್ನೋ ಕೌಂಟರ್, ಅಂದರೆ ಅಳತೆಗೋಲು, ಇದೆ. ಕೀ ಒತ್ತಿದ ಮೇಲೆ ಆ್ಯಪ್ ಅದನ್ನು ಕೈಗೆತ್ತಿಕೊಳ್ಳೋಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಹೇಳುತ್ತೆ, ಅದೂ ಆ ಅವಧಿಯ ಅತಿ ಕೆಟ್ಟ ಅಂಕಿಯನ್ನೇ. ಈ ಆವೃತ್ತಿಗಳಲ್ಲಿ ಅದಕ್ಕಾಗಿ ಯಾವ ಸೆಟ್ಟಿಂಗೂ ಬದಲಿಸಬೇಕಿಲ್ಲ, ರೀಸ್ಟಾರ್ಟೂ ಬೇಡ; ತೆರೆದು ನೋಡಿದರೆ ಸಾಕು. ಇದನ್ನು ಮಾತ್ರ ಯಾರೂ ಹೇಳಲ್ಲ.

ಮೇಜಿನ ಕೆಳಗೆ ಹಳೇ ಸಿಪಿಯು ಡಬ್ಬ ಇದ್ದ ಕಾಲದಲ್ಲಿ ಫ್ಯಾನಿನ ಸದ್ದೇ ಮಾನಿಟರಿಂಗ್. ಗೊರಗೊರ ಅಂದರೆ ಕೆಲಸ ಮಾಡ್ತಿದೆ, ಸದ್ದಿಲ್ಲದಿದ್ದರೆ ಹೋಯಿತು. ಕಾಲಿಗೆ ಒಂದಿಷ್ಟು ಬಿಸಿ ಬೇರೆ ತಾಗುತ್ತಿತ್ತು.

11:40ಕ್ಕೆ ಮೇಲ್: ‘ನಿಮ್ಮ ಟಿಕೆಟ್ ಕ್ಲೋಸ್ ಆಗಿದೆ, ರೇಟಿಂಗ್ ಕೊಡಿ.’ ಒಂದೇ ಒಂದು ಸ್ಟಾರ್ ಕೊಡೋಣ ಅಂತ ಕ್ಲಿಕ್ ಮಾಡಿದರೆ, ಉಂಗುರ.