ಎಲ್ಲಿಂದ ಓದಬೇಕು ಅಂತಲೂ ಹೇಳಿ

ತಿಂಡಿಯ ವಿಷಯದಲ್ಲಿ ನಮ್ಮವರ ಶಿಫಾರಸಿಗೆ ಸಾಟಿಯಿಲ್ಲ. ಒಳ್ಳೆ ದೋಸೆ ಎಲ್ಲಿ ಸಿಗುತ್ತೆ ಅಂತ ಕೇಳಿ ನೋಡಿ. ಎಂಟರೊಳಗೆ ಹೋಗಿ, ಆಮೇಲೆ ಜಾಗ ಸಿಗಲ್ಲ. ಮಸಾಲೆ ಬೇಡ, ಖಾಲಿ ಹೇಳಿ. ಸಾಗು ಇನ್ನೊಂದು ಸಲ ಕೇಳಿದರೆ ಹಾಕ್ತಾರೆ. ಕಾಫಿ ಮಾತ್ರ ಅಲ್ಲಿ ಬೇಡ, ಎದುರುಗಡೆ ಕುಡೀರಿ. ಅದೇ ಮನುಷ್ಯ ತನಗಿಷ್ಟವಾದ ವೆಬ್‌ಕಾಮಿಕ್ (ಇಂಟರ್ನೆಟ್ಟಿನಲ್ಲಿ ಬರುವ ಚಿತ್ರಕಥೆ) ಬಗ್ಗೆ ಹೇಳುವಾಗ "ಸೂಪರಾಗಿದೆ, ನೋಡಿ" ಅಂತ ಒಂದು ಲಿಂಕ್ ಒಗೆದು ಕೈತೊಳೆದುಕೊಳ್ಳುತ್ತಾನೆ. ಲಿಂಕ್ ಒತ್ತಿದವರಿಗೆ ಸಿಗುವುದು ಇವತ್ತಿನ ಪುಟ. ಕಥೆ ಹದಿನೈದು ವರ್ಷದಿಂದ ನಡೆಯುತ್ತಿದೆ, ಯಾರೋ ಯಾರ ಮುಂದೋ ಅಳುತ್ತಿದ್ದಾರೆ. ಧಾರಾವಾಹಿಯ ಎರಡು ಸಾವಿರದನೇ ಕಂತಿಗೆ ಟಿ.ವಿ. ಹಾಕಿದ ಹಾಗೆ.

ತಪ್ಪು ಕಾಮಿಕ್ಕಿನದಲ್ಲ. ಮುಖಪುಟ ಇರುವುದು ದಿನಾ ಬರುವವರಿಗಾಗಿ. ಅವರಿಗೆ ಹೊಸದು ಮೊದಲು ಕಾಣಬೇಕು. ಹೊಸಬರ ಬಾಗಿಲು ಬೇರೆ ಕಡೆ ಇರುತ್ತದೆ, ಒಂದೊಂದು ಕಾಮಿಕ್ಕಿಗೆ ಒಂದೊಂದು ಕಡೆ. ರ‍್ಯಾಂಡಲ್ ಮನ್ರೋ 2005ರಲ್ಲಿ ಶುರುಮಾಡಿದ ಎಕ್ಸ್‌ಕೆಸಿಡಿಗೆ ಕ್ರಮವೇ ಬೇಕಿಲ್ಲ, ಯಾವ ಪುಟ ತೆರೆದರೂ ಅಲ್ಲಿಗಲ್ಲಿಗೆ ಮುಗಿಯುತ್ತದೆ. ರಯಾನ್ ನಾರ್ತ್ ಅವರ ಡೈನೋಸಾರ್ ಕಾಮಿಕ್ಸ್ ಇನ್ನೂ ವಿಚಿತ್ರ. 2003ರಿಂದ ಅವೇ ಆರು ಚಿತ್ರ, ಅದೇ ಡೈನೋಸಾರು. ಬದಲಾಗುವುದು ಮಾತು ಮಾತ್ರ. ಇದನ್ನು ಕಳಿಸುವಾಗ ಒಂದು ಕಂತು ಕಳಿಸಬೇಡಿ, ಮೂರು ಕಳಿಸಿ. ಒಂದನ್ನೇ ನೋಡಿದವರಿಗೆ "ಚಿತ್ರ ಸುಮಾರು" ಅನ್ನಿಸುತ್ತದೆ. ಮೂರನೆಯದರಲ್ಲಿ ತಮಾಷೆ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಉದ್ದ ಕಥೆಗಳದ್ದೇ ಕಷ್ಟ. ಬ್ರಿಟನ್ನಿನ ಟಾಮ್ ಸಿಡೆಲ್ 2005ರಿಂದ ಬರೆಯುತ್ತಿರುವ ಗನ್ನರ್‌ಕ್ರಿಗ್ ಕೋರ್ಟ್‌ನ ಮೊದಲ ಅಧ್ಯಾಯದಲ್ಲೇ ಹೊಸ ಶಾಲೆಗೆ ಬಂದ ಹುಡುಗಿಯೊಬ್ಬಳು ತನಗೆ ಎರಡು ನೆರಳಿರುವುದನ್ನು ಗಮನಿಸುತ್ತಾಳೆ. ಕಥೆ ಅಲ್ಲಿಂದಲೇ ಹಿಡಿಯುತ್ತದೆ, ಚಿತ್ರ ಮಾತ್ರ ಆಮೇಲೆ ಪಳಗುತ್ತದೆ. ಹಾಗಾಗಿ ಮೊದಲ ಪುಟದ ಲಿಂಕ್ ಕೊಟ್ಟು, "ಮೊದಮೊದಲ ಗೆರೆ ನೋಡಿ ಬಿಟ್ಟುಬಿಡಬೇಡಿ" ಅಂತ ಒಂದು ಮಾತು ಸೇರಿಸಬೇಕು. ಮಿನ್ನಾ ಸುಂಡ್‌ಬರಿಯವರ ಸ್ಟ್ಯಾಂಡ್ ಸ್ಟಿಲ್ ಸ್ಟೇ ಸೈಲೆಂಟ್‌ಗೆ ಬೇರೆ ಎಚ್ಚರಿಕೆ ಬೇಕು. ಅದರ ಪೀಠಿಕೆ ಉದ್ದ. ಅಲ್ಲಿ ಪರಿಚಯವಾಗುವವರನ್ನು ಹಚ್ಚಿಕೊಂಡರೆ ಕೆಟ್ಟಿರಿ, ಮುಂದಿನ ಕಥೆ ಅವರದಲ್ಲ, ತೊಂಬತ್ತು ವರ್ಷ ಆಮೇಲಿನದು. 2013ರಲ್ಲಿ ಶುರುವಾಗಿ 2022ರಲ್ಲಿ ಮುಗಿದಿದೆ, ಅದನ್ನೂ ಹೇಳಿ. ಮುಗಿದ ಕಾಮಿಕ್ ಅಂದರೆ ಅರ್ಧ ಜನ ಅಷ್ಟಕ್ಕೇ ಒಪ್ಪಿಕೊಳ್ಳುತ್ತಾರೆ. ನಡುವೆ ನಿಂತುಹೋದದ್ದನ್ನು ಮಾತ್ರ ಮುಚ್ಚಿಡಬಾರದು. ವರನಿಗೆ ಕೆಲಸ ಹೋಗಿರುವುದನ್ನು ಮುಚ್ಚಿಟ್ಟು ಸಂಬಂಧ ಕುದುರಿಸಿದ ಹಾಗಾಗುತ್ತದೆ.

ಇನ್ನು ಜೆಫ್ ಜಾಕ್ಸ್ ಅವರ ಕ್ವೆಶ್ಚನಬಲ್ ಕಂಟೆಂಟ್. 2003ರಿಂದ ಐದು ಸಾವಿರ ಕಂತು ದಾಟಿದೆ. ದಿನಕ್ಕೆ ಐವತ್ತು ಓದಿದರೂ ನೂರು ದಿನದ ಕೆಲಸ. ಮೊದಲ ಕೆಲವು ನೂರು ಕಂತಿನ ತುಂಬ ಅಮೆರಿಕದ ರಾಕ್ ಬ್ಯಾಂಡ್‌ಗಳ ಒಳಜೋಕು. ಅರ್ಥವಾಗದಿದ್ದರೆ ದಾಟಿಕೊಂಡು ಹೋಗಲಿ, ನಷ್ಟವಿಲ್ಲ. ಇಂಥವುಗಳ ವಿಳಾಸದ ಕೊನೆಯಲ್ಲಿ ಕಂತಿನ ಸಂಖ್ಯೆ ಇರುತ್ತದೆ. ಎಲ್ಲಿಗೆ ನಿಲ್ಲಿಸಿದ್ದೀವಿ ಅನ್ನುವುದಕ್ಕೆ ಆ ಸಂಖ್ಯೆ ಬರೆದಿಟ್ಟುಕೊಂಡರೆ ಸಾಕು. ಓದಿ ಇವತ್ತಿನ ಪುಟಕ್ಕೆ ಬಂದು ಮುಟ್ಟಿದವರಿಗೆ, ಹೊಸ ಪುಟ ಬಂದಾಗ ತಾನಾಗಿ ತಿಳಿಸುವ ಆರ್‌ಎಸ್‌ಎಸ್ ಫೀಡ್ ಹಾಕಿಕೊಡಿ (ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ). 2013ರಲ್ಲಿ ಫೀಡು ಓದಲು ಬಳಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದಾಗ ಫೀಡುಗಳ ಕಥೆ ಮುಗಿಯಿತು ಅಂದುಕೊಂಡವರು ಬಹಳ. ಆದರೆ ಫೀಡ್ಲಿ, ಇನೋರೀಡರ್, ಥಂಡರ್‌ಬರ್ಡ್ ಯಾವುದರಲ್ಲಾದರೂ ಫೀಡಿನ ವಿಳಾಸ ಅಂಟಿಸಿದರೆ ಹೊಸ ಪುಟ ತಾನಾಗಿ ಬಂದು ಕೂರುತ್ತದೆ. ತಿಂಗಳಿಗೊಮ್ಮೆ, ಮನಸ್ಸು ಬಂದಾಗ ಬರೆಯುವ ಕಲಾವಿದರನ್ನು ಕಾಯುವುದಕ್ಕೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ಸ್ಕ್ರೀನ್‌ಶಾಟ್ ಕಳಿಸುವ ಚಟದ ಬಗ್ಗೆ ಸ್ವಲ್ಪ ಜಗಳ ಆಡಲೇಬೇಕು. ಎಕ್ಸ್‌ಕೆಸಿಡಿಯ ಪ್ರತಿ ಚಿತ್ರದ ಮೇಲೂ ಮೌಸ್ ಇಟ್ಟು ಒಂದು ಗಳಿಗೆ ಕಾದರೆ ಇನ್ನೊಂದು ಸಾಲು ಮೂಡುತ್ತದೆ. ಎಷ್ಟೋ ಸಲ ನಿಜವಾದ ನಗು ಇರುವುದು ಅದರಲ್ಲೇ. ಸ್ಕ್ರೀನ್‌ಶಾಟಿನಲ್ಲಿ ಅದು ಬರುವುದಿಲ್ಲ. ಒಗ್ಗರಣೆ ಬಿಟ್ಟು ಸಾರು ಬಡಿಸಿದ ಹಾಗೆ. ಫೋನಿನಲ್ಲಿ ಓದುವವರಿಗೆ ಮೊಬೈಲ್ ಆವೃತ್ತಿಯ ಲಿಂಕ್ ಕಳಿಸಿದರೆ ಆ ಸಾಲನ್ನು ಬೆರಳಲ್ಲೇ ತೆರೆಯಬಹುದು. ಇನ್ನು ಫೋನಿನಲ್ಲಿ ಮೇಲಿಂದ ಕೆಳಗೆ ಜಾರಿಸಿ ಓದುವ ವೆಬ್‌ಟೂನ್ ಮಾದರಿಯ ಉದ್ದನೆಯ ಪಟ್ಟಿ: ಅಗಲ 800 ಪಿಕ್ಸೆಲ್, ಒಟ್ಟು ಉದ್ದ 8000 ಅಂತಿಟ್ಟುಕೊಳ್ಳಿ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಉದ್ದವನ್ನು 1600ಕ್ಕೆ ಇಳಿಸಿತು ಅಂದರೆ ಅಗಲ 160 ಉಳಿಯಿತು. ಅಕ್ಷರಗಳೆಲ್ಲ ಸಾಸಿವೆ ಕಾಳು. ಕಳಿಸಲೇಬೇಕಿದ್ದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಕುಗ್ಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಂಚು ಕತ್ತರಿಸುವುದು. ಕಲಾವಿದರ ಹೆಸರು ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ ಸಣ್ಣಗೆ ಇರುತ್ತದೆ, ಮೊದಲು ಕತ್ತರಿಗೆ ಸಿಗುವುದೂ ಅದೇ. ನಾಲ್ಕು ಗ್ರೂಪು ದಾಟುವಷ್ಟರಲ್ಲಿ ಚಿತ್ರ ಅನಾಥ.

ಕಲಾವಿದರು ಒಬ್ಬರನ್ನೊಬ್ಬರು ಶಿಫಾರಸು ಮಾಡುವ ರೀತಿಯಲ್ಲಿ ಕಲಿಯುವುದಿದೆ. ಒಬ್ಬರಿಗೆ ಕೈನೋವೋ ಮದುವೆಯೋ ಬಂದರೆ ಆ ವಾರ ಗೆಳೆಯರು ಅತಿಥಿ ಕಂತು ಬರೆದುಕೊಡುತ್ತಾರೆ. ಓದುಗರಿಗೆ ಪುಕ್ಕಟೆ ರುಚಿ, ಬರೆದವರಿಗೆ ಹೊಸ ಓದುಗರು. ಡೈನೋಸಾರಿನ ರಯಾನ್ ನಾರ್ತ್ ಅವರೇ 2006ರಲ್ಲಿ ಪ್ರಾಜೆಕ್ಟ್ ವಂಡರ್‌ಫುಲ್ ಅಂತ ಜಾಹೀರಾತಿನ ಹರಾಜುಕಟ್ಟೆ ಮಾಡಿದ್ದರು. ಪುಟದ ಮೂಲೆಯ ಜಾಗಕ್ಕೆ ದಿನದ ಲೆಕ್ಕದಲ್ಲಿ ಕೂಗು, ಕೆಲವು ಸೆಂಟಿಗೂ ಜಾಗ ಸಿಗುತ್ತಿತ್ತು. ಚಿಕ್ಕ ಕಾಮಿಕ್‌ಗಳು ಒಂದರ ಮೂಲೆಯಲ್ಲಿ ಇನ್ನೊಂದು ಬಾಡಿಗೆಗಿದ್ದವು. 2018ರಲ್ಲಿ ಅದು ಮುಚ್ಚಿತು. ಕಾಮಿಕ್ ಕಾನ್ ಮೇಳದ ಮಳಿಗೆಗಳಲ್ಲಿ ಆ ಗುಣ ಇನ್ನೂ ಕಾಣುತ್ತದೆ. ಒಂದು ಪ್ರಿಂಟ್ ಕೊಂಡು "ನಿಮಗೆ ಯಾರದು ಇಷ್ಟ?" ಅಂತ ಕೇಳಿ, ಪಕ್ಕದ ಮೇಜಿನವರಿಂದ ಹಿಡಿದು ಐದು ಹೆಸರು ಹೇಳುತ್ತಾರೆ.

ಯಾರಿಗೆ ಯಾವುದು ಅನ್ನುವುದೂ ಮುಖ್ಯ. ಕಪ್ಪೆ, ಮಂಗಟ್ಟೆ, ಕಾಡುಪಾಪ ಅಂದರೆ ಕಣ್ಣರಳಿಸುವವರಿಗೆ ನಾಗಪುರದ ರೋಹನ್ ಚಕ್ರವರ್ತಿಯವರ ಗ್ರೀನ್ ಹ್ಯೂಮರ್ ಕೊಡಿ, ಮಕ್ಕಳಿಗೂ ನಡೆಯುತ್ತದೆ. ಬೆಂಗಳೂರಿನ ಆರತಿ ಪಾರ್ಥಸಾರಥಿ ರಾಯಲ್ ಎಕ್ಸಿಸ್ಟೆನ್ಷಿಯಲ್ಸ್‌ನಲ್ಲಿ ಹಳೆಯ ಮಿನಿಯೇಚರ್ ಚಿತ್ರಕಲೆಯ ರಾಜರಾಣಿಯರ ಬಾಯಲ್ಲಿ ಇವತ್ತಿನ ಬೇಸರಗಳನ್ನು ಆಡಿಸುತ್ತಾರೆ. ರಚಿತಾ ತನೇಜಾ ಅವರ ಸ್ಯಾನಿಟರಿ ಪ್ಯಾನೆಲ್ಸ್ ಬರೀ ಕಡ್ಡಿ ಗೊಂಬೆಗಳು, ಆದರೆ ರಾಜಕೀಯ ಖಾರ. ಅದನ್ನು ಮನೆಯವರ ಗ್ರೂಪಿಗೆ ಹಾಕಿದರೆ ಮುಂದಿನ ಹಬ್ಬದ ಊಟದಲ್ಲಿ ಅನುಭವಿಸುವವರು ನೀವೇ.

ಇಂಗ್ಲಿಷ್ ಬಾರದ ಅಜ್ಜಿಗೋ ಒಂದನೇ ಕ್ಲಾಸಿನ ಮಗುವಿಗೋ ತೋರಿಸಬೇಕು ಅನ್ನಿಸಿದರೆ ಡೇವಿಡ್ ರೆವ್ವಾ ಅವರ ಪೆಪ್ಪರ್ ಅಂಡ್ ಕ್ಯಾರಟ್ ಇದೆ. ಫ್ರಾನ್ಸಿನ ಕಲಾವಿದ, 2014ರಿಂದ ಬರೆಯುತ್ತಿದ್ದಾರೆ. ಪುಟ್ಟ ಮಾಟಗಾತಿ ಮತ್ತು ಅವಳ ಕಿತ್ತಳೆ ಬಣ್ಣದ ಬೆಕ್ಕಿನ ಕಥೆ. ಅವರ ಪರವಾನಗಿಯಂತೆ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿ ಮಾರಲೂಬಹುದು. ಚಿತ್ರವನ್ನು ಕ್ರಿಟಾ ಅನ್ನುವ ತಂತ್ರಾಂಶದಲ್ಲಿ ಬರೆದು, ಮಾತುಗಳನ್ನು ಇಂಕ್‌ಸ್ಕೇಪ್ ಅನ್ನುವ ಇನ್ನೊಂದರ ಎಸ್‌ವಿಜಿ ಕಡತದಲ್ಲಿ ಬೇರೆಯೇ ಇಟ್ಟಿದ್ದಾರೆ. ಚಿತ್ರ ಮುಟ್ಟದೆ ಮಾತು ಬದಲಿಸಬಹುದು.

ಬದಲಿಸಲು ಕೂತಾಗ ಗೊತ್ತಾಗುತ್ತದೆ ನಮ್ಮ ಲಿಪಿಯ ಗತ್ತು. ಕಾಮಿಕ್‌ಗಳ ಇಂಗ್ಲಿಷ್ ಹೆಚ್ಚಾಗಿ ದೊಡ್ಡಕ್ಷರ. ಸಾಲಿನಿಂದ ಕೆಳಗಿಳಿಯುವ ಬಾಲವೇ ಇಲ್ಲ. ನಮ್ಮದರಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. "ರಾಷ್ಟ್ರ", "ಸ್ತ್ರೀ" ಒಂದರ ಕೆಳಗೊಂದು ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ನೆತ್ತಿಗೆ ಚುಚ್ಚುತ್ತದೆ. ಸಾಲಿನ ಅಂತರ ಒಂದೂವರೆ ಪಟ್ಟಿಗೆ ಏರಿಸಿ. ನಾಲ್ಕು ಸಾಲು ಹಿಡಿಯುತ್ತಿದ್ದ ಮಾತಿನ ಬಲೂನಿಗೆ ಮೂರೇ ಸಾಲು ಅಂತ ಮೊದಲೇ ಲೆಕ್ಕ ಹಾಕಿ. ಅಕ್ಷರ ಯುನಿಕೋಡ್ ಆಗಿರಲಿ, "ಬಾಲೂ ತಮ್ಮ" ಅನ್ನುವ ಫಾಂಟ್ ದುಂಡಗೆ ಮುದ್ದಾಗಿ ಕೂರುತ್ತದೆ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದರೆ ಆ ಫಾಂಟ್ ಇಲ್ಲದವರ ಕಂಪ್ಯೂಟರಿನಲ್ಲಿ ಮಾಟಗಾತಿ ನಿಜವಾಗಿಯೂ ಮಂತ್ರ ಉದುರಿಸುತ್ತಾಳೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತುಗಳು ಕಳಚಿಕೊಂಡು ಪಕ್ಕಕ್ಕೆ ಬಂದು ನಿಂತರೆ ಅದು ಫಾಂಟಿನ ದೋಷವಲ್ಲ, ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳನ್ನು ಚಾಲೂ ಮಾಡಿಲ್ಲ ಅಷ್ಟೆ.

ಪದದ ಉದ್ದಕ್ಕೆ ಮದ್ದು ಆಡುಮಾತು. ಹೊರಟು ನಿಂತವಳ ಬಾಯಲ್ಲಿ "ಹೊರಡುತ್ತಿದ್ದೇನೆ" ಇಟ್ಟರೆ ಬಲೂನು ಒಡೆಯುತ್ತದೆ, ನಡುವೆ ಮುರಿಯಲೂ ಬರುವುದಿಲ್ಲ. ಬಾಗಿಲ ಹತ್ತಿರ ನಿಂತು ನಾವು ಹೇಳುವುದು "ಬರ್ತೀನಿ". ಅರ್ಧ ಜಾಗ ಉಳಿಯಿತು. ಸದ್ದುಗಳಲ್ಲಂತೂ ನಮಗೆ ಬಡತನವೇ ಇಲ್ಲ: ಬೆಕ್ಕು ಮೆತ್ತಗೆ ಹಾರಿದರೆ "ದುಬಕ್", ಕಪಾಟಿನಿಂದ ಬಿದ್ದರೆ "ಧೊಪ್", ಪಾತ್ರೆ ಸಮೇತ ಬಿದ್ದರೆ "ಢಣಾರ್". ಇದಕ್ಕೆ ಮಾತ್ರ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜೋರಾಗಿ ಹೇಳಿ ನೋಡಿ ಆರಿಸಬೇಕು.