ನಾವಿರುವುದು ಮಸ್ಕತ್‌ನಲ್ಲಿ ಮಾರಾಯ್ರೇ, ದುಬೈಯಲ್ಲಲ್ಲ!

ನಿನ್ನೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ಪಕ್ಕದವರಿಗೆ ನನ್ನ ಪರಿಚಯ ಮಾಡಿಕೊಟ್ಟರು. "ಇವಳು ನನ್ನ ಮೈದುನನ ಮಗಳು, ದುಬೈಯಲ್ಲಿ ಇರುವುದು." ನಾನು ಮೆಲ್ಲಗೆ "ಮಸ್ಕತ್, ದೊಡ್ಡಮ್ಮಾ" ಎಂದೆ. "ಹ್ಞಾಂ, ಅದೇ. ದುಬೈಯ ಮಸ್ಕತ್" ಎಂದರು. ಹೋಳಿಗೆ ಗಂಟಲಲ್ಲೇ ನಿಂತಿತು.

ದುಬೈಯ ಮಸ್ಕತ್! ಚೆನ್ನೈಯ ಕೊಲಂಬೊ ಅಂದ ಹಾಗಾಯಿತು.

ನನ್ನನ್ನು ಬಲ್ಲವರಿಗೆ ಇದು ಹಳೇ ರಾಗ. ಮದುವೆಯಾಗಿ ಅಲ್ಲಿಗೆ ಹೋದಾಗಿನಿಂದ ಹಾಡುತ್ತಲೇ ಇದ್ದೇನೆ. ಮಸ್ಕತ್ ಒಮಾನ್ ದೇಶದ ರಾಜಧಾನಿ. ಅಲ್ಲಿ ಸುಲ್ತಾನರ ಆಡಳಿತ. ದುಬೈ ಇರುವುದು ಪಕ್ಕದ ದೇಶದಲ್ಲಿ. ಸುಮಾರು 450 ಕಿ.ಮೀ. ದೂರ, ಮಧ್ಯೆ ಗಡಿ. ಅಲ್ಲಿಗೆ ಹೋಗಬೇಕೆಂದರೆ ನಮಗೂ ವೀಸಾ ಬೇಕು. ವಾರದ ರಜೆ ಕೂಡ ಪೂರ್ತಿ ಹೊಂದುವುದಿಲ್ಲ. ಅವರು 2022ರಿಂದ ಶನಿವಾರ-ಭಾನುವಾರಕ್ಕೆ ಬದಲಾದರು. ನಮ್ಮದು ಇನ್ನೂ ಶುಕ್ರವಾರ-ಶನಿವಾರ. ನನ್ನ ತಂಗಿ ಇದ್ದಾಳಲ್ಲ, ಅವಳು ಇರುವುದು ನಿಜವಾದ ದುಬೈಯಲ್ಲಿ. ನಮ್ಮಿಬ್ಬರಿಗೂ ಒಟ್ಟಿಗೆ ಪುರುಸೊತ್ತು ಸಿಗುವುದು ಶನಿವಾರ ಮಾತ್ರ. ಅವತ್ತು ಅವಳಿಗೆ ಮಾಲ್, ನನಗೆ ಮಕ್ಕಳ ಶಾಲೆಯ ಪ್ರಾಜೆಕ್ಟ್. ಮಾತಾಡಿದ ಹಾಗೇ!

"ನಿಮ್ಮ ಮನೆಯಿಂದ ಬುರ್ಜ್ ಖಲೀಫಾ ಕಾಣುತ್ತದಾ?" ಅಂತ ಕೇಳುವವರಿದ್ದಾರೆ. ಇಲ್ಲ ಸ್ವಾಮಿ. ಮಸ್ಕತ್‌ನಲ್ಲಿ ಆಕಾಶ ಮುಟ್ಟುವ ಕಟ್ಟಡಗಳೇ ಇಲ್ಲ. ನಿಯಮ ಮಾಡಿಯೇ ಊರನ್ನು ತಗ್ಗಾಗಿ ಇಟ್ಟಿದ್ದಾರೆ. ಗೋಡೆಗಳಿಗೆ ಬಿಳಿ, ಇಲ್ಲವೇ ತಿಳಿ ಕೆನೆ ಬಣ್ಣ. ಅದರ ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡ. ಮೊದಮೊದಲು ಆ ಗುಡ್ಡ ಕಂಡರೆ ನನಗೆ ಅಳು ಬರುತ್ತಿತ್ತು. ಈಗ ಸಂಜೆ ಬಿಸಿಲಿಗೆ ಅದರ ಬಣ್ಣ ತಿರುಗುವುದನ್ನು ನೋಡಲು ಒಗೆದ ಬಟ್ಟೆ ತರುವ ನೆಪದಲ್ಲಿ ಟೆರೇಸಿಗೆ ಹೋಗುತ್ತೇನೆ.

ಇನ್ನೂ ಜಾಸ್ತಿ ಸಿಟ್ಟು ಬರುವುದು ಮತ್ತೊಂದು ಮಾತಿಗೆ. "ಅರಬರು ಎಲ್ಲ ಶೇಖ್‌ಗಳು, ಕೂತು ತಿನ್ನುವವರು." ಯಾರು ಹೇಳಿದ್ದು? ಒಮಾನ್‌ನಲ್ಲಿ ಟ್ಯಾಕ್ಸಿ ಓಡಿಸುವವರೇ ಒಮಾನಿಗಳು. ಕಿತ್ತಳೆ-ಬಿಳಿ ಬಣ್ಣದ ಟ್ಯಾಕ್ಸಿ, ಒಳಗೆ ದಿಶ್‌ದಾಶಾ ಎನ್ನುವ ಬಿಳಿ ನಿಲುವಂಗಿ, ತಲೆಗೆ ಕಸೂತಿಯ ಟೋಪಿ ಹಾಕಿದ ಚಾಲಕ. ಆ ಕೆಲಸ ಹೊರದೇಶದವರಿಗೆ ಕೊಡುವುದೇ ಇಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಹಾಕುವವಳು ಒಮಾನಿ ಹುಡುಗಿ. ನನ್ನ ನುಗ್ಗೆಕಾಯಿ ತೂಕ ಮಾಡುತ್ತಾ "ಇದಕ್ಕೆ ತೆಂಗಿನಕಾಯಿ ಹಾಕುತ್ತೀರಾ?" ಅಂತ ಹಿಂದಿಯಲ್ಲಿ ಕೇಳುತ್ತಾಳೆ. ಮಸ್ಕತ್‌ನಲ್ಲಿ ಬಲೂಚಿ ಮೂಲದ ಒಮಾನಿಗಳು ಬಹಳ ಇದ್ದಾರೆ, ಹಿಂದಿ ಸಲೀಸು. ಉಡುಪಿಯಲ್ಲಿ ಕಲಿಯದ ಹಿಂದಿಯನ್ನು ನಾನು ಕಲಿತದ್ದು ಟ್ಯಾಕ್ಸಿಯಲ್ಲಿ ಕೂತು, ಅರಬರ ಹತ್ತಿರ!

ಇಂಥದ್ದನ್ನು ಹೇಳಿದರೆ ಯಾರೂ ಕೇಳುವುದಿಲ್ಲ. ಹಳೇ ಮಸ್ಕತ್‌ನಲ್ಲಿ ಸುಲ್ತಾನರ ಅರಮನೆಯ ಹತ್ತಿರವೇ ಶಿವನ ಗುಡಿ ಇದೆ, ಕಛ್‌ನಿಂದ ಹೋದ ವ್ಯಾಪಾರಿಗಳ ಕಾಲದ್ದು. 1970ರವರೆಗೂ ಅಲ್ಲಿ ಓಡುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಹೊರಡಿಸಿದ ಗಲ್ಫ್ ರೂಪಾಯಿ. ಇಷ್ಟು ಹಳೇ ನಂಟಿದ್ದರೂ ಕೊನೆಗೆ ಕೇಳುವ ಪ್ರಶ್ನೆ ಒಂದೇ. "ಚಿನ್ನ ಅಗ್ಗವಾ ದುಬೈಯಲ್ಲಿ?"

ನಮ್ಮ ಭಾವನದ್ದು ಬೇರೆ ವಾದ. "ದುಬೈಯೋ ಮಸ್ಕತ್ತೋ, ನೀವು ಹೋದದ್ದು ದುಡ್ಡಿಗೆ ಅಲ್ವಾ? ಮರಳು, ಬಿಸಿಲು ಎಲ್ಲ ಕಡೆ ಒಂದೇ." ದುಡ್ಡಿಗೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಆದರೆ ಬಿಸಿಲು ಒಂದೇ ಅಂತೆ! 2018ರ ಜೂನ್‌ನಲ್ಲಿ ಮಸ್ಕತ್ ಹತ್ತಿರದ ಕುರಿಯಾತ್‌ನಲ್ಲಿ ಒಂದು ಇಡೀ ದಿನ, ರಾತ್ರಿಯೂ ಸೇರಿ, ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಬೇಸಿಗೆಯಲ್ಲಿ ನಮ್ಮ ಮನೆಯ ಗೀಸರ್ ಆಫ್ ಇರುತ್ತದೆ. ಅದರೊಳಗೆ ನಿಂತ ನೀರೇ ನಮಗೆ ತಣ್ಣೀರು. ತಣ್ಣೀರಿನ ನಲ್ಲಿ ತಿರುಗಿಸಿದರೆ ಮಹಡಿಯ ಟ್ಯಾಂಕಿನಿಂದ ಬರುವುದು ಕೈ ಸುಡುವ ನೀರು. ಭಾವ ಒಂದು ಜೂನ್ ಬಂದು ಸ್ನಾನ ಮಾಡಿ ಹೋಗಲಿ, ಟಿಕೆಟ್ ನಾನು ಕೊಡುತ್ತೇನೆ.

ಅದೇ ದೇಶದ ಇನ್ನೊಂದು ತುದಿಯಲ್ಲಿ ಸಲಾಲಾ ಇದೆ. ಮಸ್ಕತ್‌ನಿಂದ ಸುಮಾರು ಸಾವಿರ ಕಿ.ಮೀ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್, ಅಂದರೆ ಮಳೆಗಾಲ. ನಮಗೆ ಬರುವ ಮುಂಗಾರಿನ ಅಂಚೇ ಅಲ್ಲಿಗೂ ತಾಗುವುದು. ಗುಡ್ಡವೆಲ್ಲ ಹಸಿರು, ಮಂಜು. ತೆಂಗು, ಬಾಳೆ, ಪಪ್ಪಾಯಿ ತೋಟ. ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಾರೆ. ಗಲ್ಫಿನ ಜನ ಸಂಸಾರ ಸಮೇತ ಕಾರಿನಲ್ಲಿ ಬರುವುದು ಯಾಕೆ ಗೊತ್ತಾ? ಸೋನೆ ಮಳೆಯಲ್ಲಿ ನೆನೆಯಲಿಕ್ಕೆ. ದುಬೈಯವರೂ ಬರುತ್ತಾರೆ, ಕೇಳಿಸಿತಾ ದೊಡ್ಡಮ್ಮಾ? ಹೋದ ವರ್ಷ ನಾವೂ ಹೋಗಿದ್ದೆವು. ಪಕ್ಕದಲ್ಲಿ ಒಂದು ಒಮಾನಿ ಕುಟುಂಬ ಚಾಪೆ ಹಾಸಿ, ಮಳೆಯಲ್ಲೇ ಕೂತು ಖರ್ಜೂರ ತಿಂದು ಕಾವಾ, ಅಂದರೆ ಅರಬರ ಕಾಫಿ, ಕುಡಿಯುತ್ತಿತ್ತು. ಆ ಗುಡ್ಡದಲ್ಲಿ ಕೊಡೆ ಬಿಡಿಸಿದವಳು ನಾನೊಬ್ಬಳೇ. ಮಗ "ಅಮ್ಮಾ, ಮಡಚು, ಎಲ್ಲರೂ ನೋಡ್ತಾ ಇದ್ದಾರೆ" ಎಂದು ದೂರ ಹೋಗಿ ನಿಂತ.

ಇಷ್ಟಕ್ಕೆಲ್ಲ ಯಾಕೆ ಇವಳಿಗೆ ಇಷ್ಟು ಸಿಟ್ಟು ಅನ್ನಿಸಬಹುದು. ಹೇಳಿಬಿಡುತ್ತೇನೆ. ಸಿಟ್ಟಿನ ಜೊತೆ ಹೆದರಿಕೆಯೂ ಇದೆ. ನಾವು ಅಲ್ಲಿ ಇರುವುದು ಗಂಡನ ಕೆಲಸ ಇರುವವರೆಗೆ. 2018ರಲ್ಲಿ 87 ಬಗೆಯ ಹುದ್ದೆಗಳಿಗೆ ಹೊರದೇಶದವರಿಗೆ ಹೊಸ ವೀಸಾ ನಿಲ್ಲಿಸಿದರು. ಅಲ್ಲಿನ ಹುಡುಗರಿಗೆ ಮೊದಲು ಕೆಲಸ ಸಿಗಬೇಕು, ನ್ಯಾಯವೇ. ನಮ್ಮಲ್ಲಿ ಇದೇ ಬೇಡಿಕೆ ಇಟ್ಟರೆ ನಾನೂ ಕೈ ಎತ್ತುತ್ತೇನೆ. ಆದರೂ ರೆಸಿಡೆಂಟ್ ಕಾರ್ಡ್ ನವೀಕರಣದ ತಿಂಗಳು ಬಂದರೆ ನನಗೆ ನಿದ್ದೆ ಇಲ್ಲ. ಮಗ ಹುಟ್ಟಿದ್ದು ಅಲ್ಲೇ. ಅವನು "ಊರಿಗೆ ಹೋಗೋಣ" ಅಂದರೆ ಮಸ್ಕತ್ ಅಂತಲೇ ಅರ್ಥ. ಅವನ ಪಾಸ್‌ಪೋರ್ಟ್ ಹಾಗೆ ಹೇಳುವುದಿಲ್ಲ. ಯಾವತ್ತೋ ಒಂದು ದಿನ ಗಂಟುಮೂಟೆ ಕಟ್ಟಿ ಬರಲೇಬೇಕು. ಬರುವ ಮೊದಲು ಊರವರು ಆ ಹೆಸರನ್ನಾದರೂ ಸರಿಯಾಗಿ ಹೇಳಲಿ ಅಂತ ನನ್ನ ಹಠ, ಅಷ್ಟೇ.

ಹೆಸರು ಬಾಯಿಗೆ ಬರುವುದೇ ಇಲ್ಲ ಅಂತಲೂ ಅಲ್ಲ. 2025ರಲ್ಲಿ ಒಮಾನ್ ಆದಾಯ ತೆರಿಗೆ ಘೋಷಿಸಿದಾಗ ಎಲ್ಲರಿಗೂ ದಿಢೀರನೆ ಬಂತು. "ನಿಮ್ಮ ಒಮಾನ್‌ನಲ್ಲಿ ಟ್ಯಾಕ್ಸ್ ಅಂತೆ!" ಆಹಾ, ಏನು ಸಂಭ್ರಮ! ಅದು ಬರುವುದು 2028ರಿಂದ. ವರ್ಷಕ್ಕೆ 42,000 ರಿಯಾಲ್‌ಗಿಂತ ಜಾಸ್ತಿ ದುಡಿಯುವವರಿಗೆ ಮಾತ್ರ, ಅದೂ ಮೇಲಿನ ಮೊತ್ತಕ್ಕೆ ಶೇ. 5. ಆ ತೆರಿಗೆ ಕಟ್ಟುವ ಯೋಗ ನಮ್ಮವರಿಗೆ ಬರಲಿ ಅಂತ ನಾನೇ ಹರಕೆ ಹೊತ್ತುಕೊಂಡಿದ್ದೇನೆ.

ಮುಂದಿನ ವಾರ ವಾಪಸ್ ಹೊರಡುತ್ತೇವೆ. "ದುಬೈಯಲ್ಲಿ ನಮ್ಮ ಹುಡುಗ ಇದ್ದಾನೆ, ಹಲಸಿನ ಹಪ್ಪಳ ಸ್ವಲ್ಪ ಕೊಟ್ಟುಬಿಡು" ಎನ್ನುವವರು ಈಗಿನಿಂದಲೇ ಕಟ್ಟು ಕಟ್ಟಿ ಇಟ್ಟಿರುತ್ತೀರಿ, ಗೊತ್ತು. ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ತಿನ್ನುವುದು ನಾವೇ.