ನಾಲ್ಕು ಇಪ್ಪತ್ತು ರೊಟ್ಟಿ

ಕಲಬುರಗಿಯ ಕಾಲೇಜಿನಲ್ಲಿ ನಾನು ಫ್ರೆಂಚ್ ಆರಿಸಿಕೊಂಡದ್ದು ಪ್ಯಾರಿಸ್ಸಿನ ಮೋಹದಿಂದಲ್ಲ. ಅದರಲ್ಲಿ ಅಂಕ ಧಾರಾಳವಾಗಿ ಬೀಳುತ್ತವೆ ಎಂದು ಸೀನಿಯರ್ ಒಬ್ಬಳು ಹೇಳಿದ್ದಳು. ಆಮೇಲೆ ಅವಳು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಬರೆದಂತೆ ಓದುವ ಭಾಷೆಯಿಂದ ಹೋದವಳು ನಾನು. ಅಲ್ಲಿ ‘ಅವರು ಮಾತನಾಡುತ್ತಾರೆ’ ಎಂದು ಬರೆದರೆ ಕ್ರಿಯಾಪದದ ಕೊನೆಯ ಮೂರು ಅಕ್ಷರಗಳು ಮೂಕ. ಮದುವೆ ಮನೆಗೆ ಬಂದು, ಮೊದಲ ಪಂಕ್ತಿಯಲ್ಲೇ ಉಂಡು, ಒಂದು ಚೊಂಬು ನೀರನ್ನೂ ಎತ್ತಿಕೊಡದ ಬೀಗರ ಹಾಗೆ. ಸಾಲದ್ದಕ್ಕೆ ಮೇಜು ಹೆಣ್ಣು, ಗೋಡೆ ಗಂಡು.

ಇನ್ನು ಆ ‘ರ’ಕಾರವೋ, ಗಂಟಲಿನ ತಳದಿಂದ ಉಜ್ಜಿ ತೆಗೆಯಬೇಕು. ಮನೆಯಲ್ಲಿ ಉರ್ದು ಮಾತನಾಡುವ, ದರ್ಗಾ ಕಡೆಯ ನನ್ನ ಗೆಳತಿಗೆ ಅದು ಮೊದಲ ದಿನವೇ ಒಲಿಯಿತು. ‘ಗರೀಬ್’ ಎನ್ನುವಾಗಿನ ಗಂಟಲನ್ನೇ ಕೊಂಚ ತಿರುಗಿಸಿದಳು, ಅಷ್ಟೇ. ನಾನು ಮಾತ್ರ ಹಗಲೂ ರಾತ್ರಿ ಬಾಯಿ ಮುಕ್ಕಳಿಸುವವಳಂತೆ ಸದ್ದು ಮಾಡಿದೆ. ಮೂರನೆಯ ದಿನ ಅವ್ವ ಏನೂ ಕೇಳದೆ ಶುಂಠಿ ಕಷಾಯ ತಂದಿಟ್ಟಳು.

ಹೈದರಾಬಾದಿನಿಂದ ಬಂದಿದ್ದ ನಮ್ಮ ಮೇಡಂ ಧೈರ್ಯ ಹೇಳುತ್ತಿದ್ದರು. ನಿಜಾಮನ ಸೈನ್ಯದಲ್ಲಿ ರೇಮೊಂ ಎಂಬ ಫ್ರೆಂಚ್ ಸೇನಾಪತಿ ಇದ್ದನಂತೆ, ತೀರಿಕೊಂಡದ್ದು 1798ರಲ್ಲಿ. ‘ಮಸ್ಯೋ ರೇಮೊಂ’ ಎನ್ನಲು ನಾಲಿಗೆ ಹೊರಳದ ಜನ, ಮುಸ್ಲಿಮರಾದರೆ ಮೂಸಾ ರಹೀಂ, ಹಿಂದೂಗಳಾದರೆ ಮೂಸಾ ರಾಮ್ ಎಂದು ಕರೆದು ಅವನನ್ನು ಊರಿನವನನ್ನಾಗಿ ಮಾಡಿಕೊಂಡರು. ಹೈದರಾಬಾದಿನಲ್ಲಿ ಮೂಸಾರಾಂಬಾಗ್ ಎಂಬ ಬಡಾವಣೆಯೇ ಇದೆ. ನಮ್ಮ ಸೀಮೆಯೂ ಆಗ ನಿಜಾಮನದೇ ಆದ್ದರಿಂದ, ಫ್ರೆಂಚನ್ನು ಕೆಡಿಸುವ ಹಕ್ಕು ನನಗೆ ಪರಂಪರೆಯಿಂದಲೇ ಬಂದಿದೆ ಎಂದು ನಾನು ತಿಳಿದುಕೊಂಡೆ.

ಸೋತದ್ದು ಲೆಕ್ಕದಲ್ಲಿ. ಫ್ರೆಂಚರಿಗೆ ಎಪ್ಪತ್ತು ಎಂದರೆ ಅರವತ್ತು-ಹತ್ತು. ಎಂಬತ್ತು ಎಂದರೆ ನಾಲ್ಕು-ಇಪ್ಪತ್ತು. ತೊಂಬತ್ತೇಳು ಎನ್ನಲು ನಾಲ್ಕು-ಇಪ್ಪತ್ತು-ಹತ್ತು-ಏಳು ಎಂದು ಮಗ್ಗಿ ಒಪ್ಪಿಸಬೇಕು. ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಇದನ್ನೇ ಗಟ್ಟಿಯಾಗಿ ಉರುಹೊಡೆಯುತ್ತಿದ್ದೆ. ಒಲೆಯ ಮುಂದೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದ ಆಯಿ ಕೈ ನಿಲ್ಲಿಸಿದಳು.

“ನಾಲ್ಕು ಇಪ್ಪತ್ತು ಎಂದರೆ ಎಂಬತ್ತಲ್ಲವೇ? ನಾನೂ ರೊಟ್ಟಿಯನ್ನು ಹಾಗೆಯೇ ಎಣಿಸುತ್ತೇನೆ. ಇದನ್ನು ಕಲಿಯಲು ಫೀಸು ಕಟ್ಟಿದೆಯಾ?”

ಇಪ್ಪತ್ತಿಪ್ಪತ್ತರಂತೆ ನಾಲ್ಕು ಗುಡ್ಡೆ ಅವಳ ಪಕ್ಕದಲ್ಲಿದ್ದವು. ಆಯಿಗೆ ಓದು ಬರಹ ಬಾರದು.

ಮರುದಿನ ಮೇಡಂ ಅವರನ್ನು ಹೊಲಕ್ಕೆ ಊಟಕ್ಕೆ ಕರೆದಿದ್ದೆವು. ಚರಗ ಚೆಲ್ಲಿದ ಮೇಲೆ ಎಲ್ಲರೂ ಬನ್ನಿ ಗಿಡದ ನೆರಳಿನಲ್ಲಿ ಕುಳಿತೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ನನ್ನ ತಟ್ಟೆ ಖಾಲಿಯಾದದ್ದನ್ನು ನೋಡಿ ಮೇಡಂ ಫ್ರೆಂಚಿನಲ್ಲಿ “ಇನ್ನೂ ಬೇಕೇ?” ಎಂದರು. ಸೋದರತ್ತೆಯರೆಲ್ಲ ನನ್ನನ್ನೇ ನೋಡುತ್ತಿದ್ದರು. ‘ಹೊಟ್ಟೆ ತುಂಬಿದೆ’ ಎಂಬುದನ್ನು ಮನಸ್ಸಿನಲ್ಲೇ ಪದಕ್ಕೆ ಪದ ಜೋಡಿಸಿ, ಗಂಟಲಿನ ಎಲ್ಲ ಸದ್ದುಗಳೊಂದಿಗೆ ಹೇಳಿದೆ: “ಜ ಸ್ವಿ ಪ್ಲೆನ್.”

ಮೇಡಂ ಕುಡಿಯುತ್ತಿದ್ದ ಅಂಬಲಿ ನೆತ್ತಿಗೇರಿತು. ಅವ್ವ ಅವರ ತಲೆ ತಟ್ಟಿದಳು. ಕೆಮ್ಮು ನಿಂತ ಮೇಲೆ ಅವರು, ಚೆನ್ನಾಗಿ ಊಟ ಮಾಡಿದೆ ಎಂದಿದ್ದರೆ ಸಾಕಿತ್ತು ಎಂದು ಮೆಲ್ಲಗೆ ತಿದ್ದಿದರು. ಹಾಗಾದರೆ ಇವಳು ಹೇಳಿದ್ದೇನು ಎಂದು ದೊಡ್ಡತ್ತೆ ಬಿಡದೆ ಕೇಳಿದಳು. ಮೇಡಂ ನನ್ನ ಮುಖ ನೋಡಿದರು, ಮರದ ಕೆಳಗೆ ಕಟ್ಟಿದ್ದ ನಮ್ಮ ಎಮ್ಮೆಯನ್ನು ನೋಡಿದರು. ಆ ಮಾತನ್ನು ಫ್ರೆಂಚರು ದನಕರುಗಳಿಗೆ ಬಳಸುತ್ತಾರೆ ಎಂದರು. ಗಬ್ಬವಾದಾಗ.

ಪದವಿ ಮುಗಿದು ಆರು ವರ್ಷವಾಯಿತು. ಈಗಲೂ ಆಯಿ ರೊಟ್ಟಿ ಬಡಿಸುತ್ತಾ, ನಾನು ಸಾಕು ಎಂದು ಕೈ ಅಡ್ಡ ಹಿಡಿದರೆ, ಬುಟ್ಟಿ ಕೆಳಗಿಟ್ಟು ಗಂಭೀರವಾಗಿ ಕೇಳುತ್ತಾಳೆ:

“ಎಷ್ಟನೇ ತಿಂಗಳು?”